ಒಂದೇ ಮನೆ

ಕಲ್ಮಲದ ಆ ವೃದ್ಧರಿಗೆ ಚದುರಂಗವೆಂದರೆ ಹಿಂದಿನವರ ಚದುರಂಗವೇ. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯತಕ್ಕದ್ದು; ಶಹ ತಗಲದಿರುವ ಅರಸನು ಒಮ್ಮೆ ಕುದುರೆಯಂತೆ ನೆಗೆಯಬಹುದು; ಕೋಟೆ ಕಟ್ಟಿಕೊಳ್ಳುವ ವಿಲಾಯತಿ ಉಪಾಯವು ಅವರ ಕಣ್ಣಿಗೆ ಬರಿಯ ಅಂಜುಬುರುಕತನ. ಮೊಮ್ಮಗನು ಈ ಪದ್ಧತಿಯಲ್ಲಿಯೇ ಪಳಗಿ ರಾಯಚೂರಿಗೆ ಪಂದ್ಯವಾಡಲು ಹೋದನು; ಅಭ್ಯಾಸಬಲದಿಂದ ಕಾಲಾಳುಗಳನ್ನು ಒಂದೊಂದೇ ಮನೆ ನಡೆಯಿಸಿ, ಇಕ್ಕಟ್ಟಿಗೆ ಸಿಲುಕಿ, ಮೊದಲ ದಿನವೇ ಸೋತು ಮರಳಿದನು. “ತಾತ, ನೀವು ಕಲಿಸಿದ ಆಟವೇ ನನ್ನನ್ನು ಕೆಡಿಸಿತು” ಎಂದುಬಿಟ್ಟನು. ಮಾತು ಒರಟು, ಅರ್ಧ ನಿಜವೂ ಅಹುದು. ವೃದ್ಧರು ಏನೂ ಅನ್ನಲಿಲ್ಲ. ಮೂರು ದಿನ ಹಾಸು ಬಿಚ್ಚಲಿಲ್ಲ.

ನಾಲ್ಕನೆಯ ದಿನ ಹುಡುಗನೇ ಒಂದು ಪುಸ್ತಕವನ್ನು ಹಿಡಿದು ಎದುರಿಗೆ ಬಂದು ಕುಳಿತನು. ಅದರಲ್ಲಿದ್ದುದು ಪಂಜಾಬದ ಮೀರ್ ಸುಲ್ತಾನ್ ಖಾನನ ಆಟ. ಆತನೂ ಹಳೆಯ ಪದ್ಧತಿಯಲ್ಲಿ ಬೆಳೆದವನೇ. ಯುರೋಪಿನ ನಿಯಮಗಳನ್ನು ಕಲಿತುದು ಪ್ರಾಯಕ್ಕೆ ಬಂದ ಮೇಲೆ. 1929ರಲ್ಲಿ ಲಂಡನ್ನಿಗೆ ಹೋಗಿ ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದನು. 1932, 1933ರಲ್ಲಿ ಮತ್ತೆರಡು ಸಲ. 1930-31ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಅವನಿಗೆ ಎದುರಾದವನು, 1921ರಿಂದ 1927ರವರೆಗೆ ಜಗಜ್ಜೇತನಾಗಿದ್ದ ಕ್ಯೂಬಾದ ಕಾಪಾಬ್ಲಾಂಕಾ.

ಕರಿಯ ಕಾಯಿಗಳ ಕಾಪಾಬ್ಲಾಂಕಾ ಮಂತ್ರಿಯ ಬದಿಯ ಒಂಟೆಯನ್ನು ಮೂಲೆಯ ಬಳಿಯಿರಿಸಿ ಹಾಸಿನ ನಡುವನ್ನು ದೂರದಿಂದ ಕಾಯತೊಡಗಿದನು. ಈ ಆರಂಭಕ್ಕೆ ‘ಕ್ವೀನ್ಸ್ ಇಂಡಿಯನ್’ ಎಂದು ಹೆಸರು. ಇಂಡಿಯಾದ ಹೆಸರಿನ ಕಾವಲನ್ನು ಕ್ಯೂಬಾದವನು ಹಿಡಿದನು, ಇಂಡಿಯಾದವನು ಮುತ್ತಿದನು! ಐದನೆಯ ನಡೆಗೆ ಸುಲ್ತಾನ್ ಖಾನನು ಎಡತುದಿಯ ಕಾಲಾಳನ್ನು ಒಂದೇ ಮನೆ ಸರಿಸಿದನು. ಎದುರಾಳಿಯ ಒಂಟೆ ತನ್ನ ಕುದುರೆಯ ಮೇಲೇರದಿರಲೆಂದು ಇಷ್ಟು ಎಚ್ಚರಿಕೆ. ವೃದ್ಧರ ಬೆರಳು ಅಲ್ಲಿಯೇ ನಿಂತಿತು. ಮುಂದೆ ಈ ನಡೆಗೆ ಜಗಜ್ಜೇತ ಪೆಟ್ರೋಸಿಯನ್ನನ ಹೆಸರು ಬಂದಿತೆಂದು ಹುಡುಗನು ಓದಿ ಹೇಳಿದನು.

ಆ ನಡೆಯಿಂದಲೇ ಗೆದ್ದನೆಂಬುದು ಅತಿಶಯೋಕ್ತಿ. ಇಪ್ಪತ್ತಮೂರನೆಯ ನಡೆಯ ವೇಳೆಗೆ ಖಾನನು ಮಂತ್ರಿಯನ್ನು ಬಿಟ್ಟುಕೊಟ್ಟು ಎರಡು ಆನೆಗಳನ್ನು ಪಡೆಯಬೇಕಾಯಿತು. ಬಳಿಕ ಅವಸರಪಡದೆ ಬಿಗಿಯುತ್ತ ಬಂದು ಅರುವತ್ತೈದನೆಯ ನಡೆಯಲ್ಲಿ ಗೆದ್ದನು. ಅವನು ತೀರಿಕೊಂಡುದು 1966ರಲ್ಲಿ; ಗೌರವ ಗ್ರಾಂಡ್‌ಮಾಸ್ಟರ್ ಪದವಿ ಬಂದುದು 2024ರಲ್ಲಿ.

“ಖಾನನ ಆಟವಾಯಿತು. ಇನ್ನು ನೀನು ಸೋತ ಆಟವನ್ನು ಹೂಡು” ಎಂದರು ವೃದ್ಧರು. ಹುಡುಗನು ತಲೆ ತಗ್ಗಿಸಿ ಕಾಯಿಗಳನ್ನು ಜೋಡಿಸಿದನು. ನಾಚುತ್ತಲೇ ತನ್ನ ಮೊದಲ ನಡೆಯನ್ನು ಒಂದು ಮನೆ ನಡೆದು ತೋರಿಸಿದನು. ವೃದ್ಧರು ಆ ಕಾಲಾಳನ್ನು ಎತ್ತಿ, ಕೈಯಲ್ಲಿ ತುಸು ಹೊತ್ತು ಹಿಡಿದಿದ್ದು, ಎರಡನೆಯ ಮನೆಯಲ್ಲಿಟ್ಟರು.