ನಮ್ಮದೇ ಒಲೆ, ನಮ್ಮದೇ ಪಾತ್ರೆ

ಫ್ಲೂ ಜ್ವರದಿಂದ ನಮ್ಮ ತಾಯಿಯವರು ಬಳಲುತ್ತಿದ್ದಾಗ, ಇಷ್ಟು ಸೂಕ್ಷ್ಮವಾದ ವೈರಾಣುವಿಗೆ ಔಷಧಗಳೇಕೆ ಇಷ್ಟು ವಿರಳವೆಂಬ ಪ್ರಶ್ನೆ ನನ್ನನ್ನು ಕಾಡಿತು. ಓದುತ್ತ ಹೋದಂತೆ ಕಾರಣ ತಿಳಿಯಿತು.

ಬ್ಯಾಕ್ಟೀರಿಯಾಕ್ಕೆ ಸ್ವಂತ ಸಂಸಾರವುಂಟು; ಆ್ಯಂಟಿಬಯಾಟಿಕ್ ಅದನ್ನೇ ಕೆಡಿಸುತ್ತದೆ. ಫ್ಲೂ ವೈರಾಣುವಿನ ವಂಶದ ಗಂಟಾದರೋ ಕೇವಲ 8 ಆರ್‌ಎನ್‌ಎ ತುಣುಕುಗಳು. ಅದರ ಮೈಮೇಲಿನ ಪ್ರೋಟೀನನ್ನು ನಮ್ಮ ಶ್ವಾಸನಾಳದ ಕಿಣ್ವವೇ ಸೀಳಿಕೊಡಬೇಕು. ಆಗಲೇ ಅದು ಜೀವಕೋಶಕ್ಕೆ ಸೋಂಕು ತಗುಲಿಸಬಲ್ಲದು. ಒಳಹೊಕ್ಕ ಮೇಲೂ ಎಎನ್‌ಪಿ32 ಎಂಬ ನಮ್ಮ ಪ್ರೋಟೀನಿನ ನೆರವಿಲ್ಲದೆ ಅದರ ಸಂತತಿ ಬೆಳೆಯದು. ಹಕ್ಕಿಗಳಲ್ಲಿ ಈ ಪ್ರೋಟೀನು ತುಸು ಭಿನ್ನ. ಹಕ್ಕಿಜ್ವರದ ವೈರಾಣು ಮನುಷ್ಯರಲ್ಲಿ ಸುಲಭವಾಗಿ ವೃದ್ಧಿಯಾಗದಿರಲು ಇದೂ ಒಂದು ಕಾರಣವೆಂದು 2016ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದರು.

ಒಲೆಯನ್ನೇ ಒಡೆದರೆ ಮನೆಯವರಿಗೂ ಉಪವಾಸವೇ. ಆದುದರಿಂದ ಹೊಸ್ತಿಲಲ್ಲೇ ತಡೆಯುವುದು ಲೇಸು. ಹಿರಿಯರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ವಿಚಾರಿಸಿರಿ.