ಬಂದವರಿಗೆ ಮೊದಲು ಗಂಜಿ

ಗಲ್ಫಿನಿಂದ ಬರುವವರನ್ನು ಕರೆತರಲು ಮೂಡುಬಿದಿರೆ ಬಳಿಯ ಪುತ್ತಿಗೆಯಿಂದ ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಹೊರಡುವ ಜೀಪಿನಲ್ಲಿ ಬರುವವರಿಗೇ ಸೀಟು ಇರುವುದಿಲ್ಲ. ಅಮ್ಮ, ಅಕ್ಕ, ಭಾವ, ಅಕ್ಕನ ಮಕ್ಕಳು, ಜೊತೆಗೆ "ನನಗೂ ಮಂಗಳೂರಲ್ಲಿ ಸ್ವಲ್ಪ ಕೆಲಸ ಉಂಟು ಮಾರಾಯ" ಎಂದು ಹತ್ತಿಕೊಂಡ ನೆರೆಮನೆಯ ಮಾವ. ನಸುಕಿನ ನಾಲ್ಕು ಗಂಟೆಗೆ ಮಂಗಳೂರಲ್ಲಿ ಎಂಥ ಕೆಲಸ ಎಂದು ಯಾರೂ ಕೇಳುವುದಿಲ್ಲ.

ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ಹೆಚ್ಚಿನವರು ಮುಂಬಯಿಯಲ್ಲಿ ಇಳಿದು, ಬಸ್ಸಿನಲ್ಲಿ ಇಡೀ ರಾತ್ರಿ ಕುಲುಕಿ ಬರುತ್ತಿದ್ದರು. ಎದುರುಗೊಳ್ಳುವುದೆಂದರೆ ಆಗ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದು. ಬರುವುದಕ್ಕೂ ಲೆಕ್ಕಾಚಾರವಿತ್ತು, ಈಗಲೂ ಇದೆ. ಮೇ ಕೊನೆಯ ಪತ್ತನಾಜೆ ಕಳೆದರೆ ದೈವಗಳ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತದೆ. ಹಾಗಾಗಿ ಮನೆಯ ಹರಕೆಯ ಕೋಲಕ್ಕೆ ದಿನ ಇಡುವ ಮೊದಲು ಮಗನ ರಜೆ ಯಾವಾಗ ಎಂದು ನೋಡುತ್ತಾರೆ.

ಜಗಲಿಗೆ ಕಾಲಿಟ್ಟ ಕೂಡಲೇ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ನೆಂಟರಿಗೆ ಕೊಡುವುದನ್ನು ಮನೆಮಗನಿಗೂ ಯಾಕೆ ಕೊಡುವುದೋ! ಆದರೆ ಎರಡು ವರ್ಷ ಕಳೆದು ಬಂದವನು ಅರ್ಧ ನೆಂಟನೇ. ಅಷ್ಟರಲ್ಲಿ ಪೆಟ್ಟಿಗೆ ಒಳಗೆ ಬಂದಿರುತ್ತದೆ: ನೈಲಾನ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ನಾಲ್ಕೂ ಬದಿಯಲ್ಲಿ ಮಾರ್ಕರಿನಲ್ಲಿ ಬರೆದ ಹೆಸರು. ಗಂಟು ಬಿಚ್ಚಲಿಕ್ಕೆ ಬರುವುದಿಲ್ಲ, ಕೊನೆಗೆ ಅಡುಗೆಮನೆಯಿಂದ ಕತ್ತಿಯೇ ಬರಬೇಕು. ಒಳಗೆ ಹಾಲಿನ ಪುಡಿ, ಟ್ಯಾಂಗ್, ಖರ್ಜೂರ, ಮಾವನ ಮೊಣಕಾಲಿಗೆ ಟೈಗರ್ ಬಾಮ್. ಇವೆಲ್ಲ ಈಗ ಮೂಡುಬಿದಿರೆ ಪೇಟೆಯಲ್ಲೇ ಸಿಗುತ್ತವೆ. ಆದರೂ ಪೆಟ್ಟಿಗೆಯ ಸುತ್ತ ಕೂತವರು ಏಳುವುದಿಲ್ಲ.

ಅಮ್ಮ ಕೋರಿ ರೊಟ್ಟಿಗೆ ತಯಾರಿ ಮಾಡಿರುತ್ತಾಳೆ. ಅವನಿಗೆ ಬೇಕಾದದ್ದು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಆಮೇಲೆ ಫ್ಯಾನಿನ ಕೆಳಗೆ ನಿದ್ದೆ. ಊರವರು ನಿದ್ದೆಗೆ ಬಿಡಬೇಕಲ್ಲ. ಊರಿನ ಸೋಮನಾಥ ದೇವರಿಗೆ ಕೈಮುಗಿದು ಬರೋಣವೆಂದು ಹೊರಟರೂ ದಾರಿಯಲ್ಲಿ ಸಿಕ್ಕವರೆಲ್ಲ ತುಳುವಿನಲ್ಲಿ ಕೇಳುವುದು ಎರಡೇ: "ಏಪ ಬತ್ತಿನಿ? ಏಪ ಪೋಪಿನಿ?" ಬಂದದ್ದು ಯಾವಾಗ, ಹೋಗುವುದು ಯಾವಾಗ. ಉತ್ತರ ಹೇಳುವಾಗ ಪಕ್ಕದಲ್ಲಿ ನಿಂತ ಹೆಂಡತಿಯ ಮುಖವನ್ನು ಕೇಳಿದವರು ನೋಡುವುದಿಲ್ಲ.

ಕೊರೋನಾ ಕಾಲದಲ್ಲಿ, 2020ರ ಮೇ 12ರ ರಾತ್ರಿ, ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ಮೊದಲ ವಂದೇ ಭಾರತ್ ವಿಮಾನ ದುಬೈಯಿಂದ ಬಜಪೆಯಲ್ಲಿ ಇಳಿದಾಗ ಇದು ಯಾವುದೂ ಇರಲಿಲ್ಲ. ಬಂದವರು ಮನೆಗೆ ಹೋಗುವಂತಿಲ್ಲ, ಮೊದಲು ಕ್ವಾರಂಟೈನ್. ಮಗ ಒಂದು ಗಂಟೆಯ ದಾರಿಯಷ್ಟು ಹತ್ತಿರ ಬಂದಿದ್ದಾನೆ, ಆದರೂ ಫೋನಿನಲ್ಲೇ ಮಾತು. ಆಗ ಊರಿನಲ್ಲಿ "ಯಾವಾಗ ಹೋಗುವುದು" ಎಂದು ಯಾರೂ ಕೇಳಲಿಲ್ಲ. ಬಂದನಲ್ಲ, ಅಷ್ಟೇ ಸಾಕಿತ್ತು.

ಆ ಸೌಜನ್ಯ ಈಗಲೂ ಇರಲಿ ಎಂದು ನನ್ನ ಕೋರಿಕೆ. ಹೋಗುವ ದಿನ ಟಿಕೇಟಿನಲ್ಲಿ ಬರೆದೇ ಇದೆ. ಮೊದಲು ಗಂಜಿ ಉಣ್ಣಲಿ, ಮಲಗಲಿ. ಆ ಎರಡನೆಯ ಪ್ರಶ್ನೆಯನ್ನು ಒಂದು ವಾರವಾದರೂ ಬಾಯಲ್ಲೇ ಇಟ್ಟುಕೊಳ್ಳಿ.