ಮನೆಯ ನಾದ, ಸಭೆಯ ನಾದ

ನಾಲ್ವರಿಗೆ ಮಾಡಿದ ಸಾರಿನ ಅಳತೆಯನ್ನು ನೂರುಪಾಲು ಹೆಚ್ಚಿಸಿದರೆ ನಾನೂರು ಜನರ ಸಾರಾಗುವುದಿಲ್ಲವೆಂಬುದನ್ನು ಅಡಿಗೆಯವರೆಲ್ಲರೂ ಬಲ್ಲರು. ಉಪ್ಪು, ಹುಳಿ, ಖಾರ ಇವು ಲೆಕ್ಕಕ್ಕೆ ಸಿಕ್ಕದೆ ತಮ್ಮ ತಮ್ಮ ದಾರಿಯನ್ನು ಹಿಡಿಯುತ್ತವೆ. ನಾದದ ವಿಷಯವೂ ಹೀಗೆಯೇ ಎಂದರೆ ಮಾತ್ರ ವಾಚಕರು ಸುಲಭವಾಗಿ ಒಪ್ಪಲಾರರು. ಸಣ್ಣಗೆ ಕೇಳಿದ ವಾದ್ಯವನ್ನು ಗಟ್ಟಿಯಾಗಿ ಕೇಳಿದರೆ ಅದೇ ವಾದ್ಯವು ಗಟ್ಟಿಯಾಗಿ ಕೇಳಿಸೀತು, ಅದರಲ್ಲಿ ವಿಶೇಷವೇನು ಎನ್ನುವರು. ವಿಶೇಷವುಂಟು. ಅದು ನಮ್ಮ ಮನೆಯ ನೆಮ್ಮದಿಯನ್ನು ಒಂದು ತಿಂಗಳ ಕಾಲ ಕೆಡಿಸಿತು.

ನನ್ನ ತಮ್ಮನ ಮಗಳು ಕಾಲೇಜಿನ ವ್ಯಾಸಂಗಕ್ಕಾಗಿ ಮೈಸೂರಿನಲ್ಲಿ ನಮ್ಮೊಡನೆ ಇದ್ದಾಳೆ. ಆರು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರನ್ನು ನುಡಿಸುತ್ತಾಳೆ. ಇದಕ್ಕೆ ಹಿಂದೆ ಇಬ್ಬರು ಹೊರುವಷ್ಟು ದೊಡ್ಡ ಆಂಪ್ಲಿಫೈಯರು ಬೇಕಾಗುತ್ತಿತ್ತಂತೆ. ಈಗ ಕಾಲಿನಿಂದ ಒತ್ತುವ ಒಂದು ಚಪ್ಪಟೆ ಪೆಟ್ಟಿಗೆಯು ಹತ್ತಾರು ಆಂಪ್ಲಿಫೈಯರುಗಳನ್ನೂ ಅವುಗಳ ಸ್ಪೀಕರುಗಳನ್ನೂ ಬರಿಯ ಗಣಿತದಿಂದಲೇ ಅನುಕರಿಸುತ್ತದೆ. ಮೆಚ್ಚಿದ ನಾದವನ್ನು ಒಂದು ಸಂಖ್ಯೆಯಡಿಯಲ್ಲಿ ಕಾದಿಟ್ಟುಕೊಳ್ಳಲೂಬಹುದು. ನೆರೆಮನೆಯವರು ವೃದ್ಧರು, ನಡುವಣ ಗೋಡೆಯೋ ಒಂದೇ. ಆದುದರಿಂದ ಹುಡುಗಿಯ ಅಭ್ಯಾಸವೆಲ್ಲ ರಾತ್ರಿ ಹತ್ತರ ಮೇಲೆ, ಹೆಡ್‌ಫೋನಿನಲ್ಲಿ, ಮೆಲುದನಿಯಲ್ಲಿ. ಹೀಗೆ ಕುಳಿತು ಅವಳು ಒಂದು ನಾದವನ್ನು ಸಿದ್ಧಪಡಿಸಿದಳು: ಮಂದ್ರವು ತುಂಬಿತ್ತು, ತಾರವು ಹೊಳೆಯುತ್ತಿತ್ತು, ನಡುವಣ ಸ್ವರಭಾಗವನ್ನು ತಗ್ಗಿಸಿ, ಕಲ್ಲುಮಂಟಪದೊಳಗಿನಂತಹ ಮಾರ್ದನಿಯನ್ನು ಸೇರಿಸಿದ್ದಳು. ನಾನೂ ಕಿವಿಗಿಟ್ಟು ಕೇಳಿದೆ. ನಿಜವಾಗಿಯೂ ಮಧುರವಾಗಿತ್ತು.

2024ರ ನವೆಂಬರಿನಲ್ಲಿ ಕಾಲೇಜಿನ ರಾಜ್ಯೋತ್ಸವ ಸಮಾರಂಭ. ಅದೇ ಪೆಟ್ಟಿಗೆ, ಅದೇ ಸಂಖ್ಯೆ. ಆದರೆ ಸಭೆಗೆ ಕೇಳಿಸಿದ್ದು ಕೆಳಗೊಂದು ಗುಮ್ಮೆನ್ನುವ ಗದ್ದಲ, ಮೇಲೊಂದು ಕಿವಿ ಚುಚ್ಚುವ ಕೀರಲು. ಇವೆರಡರ ನಡುವೆ ರಾಗವು ಎಲ್ಲಿ ಅಡಗಿತೋ ತಿಳಿಯಲಿಲ್ಲ. ಮನೆಗೆ ಬಂದು ಊಟ ಮಾಡದೆ ಕುಳಿತ ಹುಡುಗಿಯು, “ನನ್ನ ಕೈಯೇ ಸರಿಯಿಲ್ಲ ದೊಡ್ಡಪ್ಪ, ಇದನ್ನು ಮಾರಿಬಿಡೋಣ” ಎಂದಳು. ಅವಳ ಕೈಯನ್ನು ನಾನು ಬಲ್ಲೆ. ಕಿವಿಯ ಸ್ವಭಾವಕ್ಕೆ ಕೈಯು ದಂಡ ತೆರುವುದು ಯಾವ ನ್ಯಾಯ?

ಈ ಸ್ವಭಾವವನ್ನು ಅಳೆದು ತೋರಿಸಿದವರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬವರು ಪ್ರಸಿದ್ಧರು. 1933ರಲ್ಲಿ ಅವರ ಲೇಖನವು ಪ್ರಕಟವಾಯಿತು. ಬೇರೆ ಬೇರೆ ಸ್ವರಗಳು ಒಂದೇ ಸಮನಾಗಿ ಗಟ್ಟಿ ಎನಿಸಬೇಕಾದರೆ ಯಾವುದಕ್ಕೆ ಎಷ್ಟು ಬಲ ಬೇಕೆಂಬುದು ಅವರ ಶೋಧನೆ. ಆ ಬಳಿಕ ತಿದ್ದಿದ ಅಂತರರಾಷ್ಟ್ರೀಯ ಗಣನೆಯಂತೆ, 1000 ಹರ್ಟ್ಸಿನ ಸ್ವರವು 40 ಡೆಸಿಬೆಲ್ ಇದ್ದಾಗ, 100 ಹರ್ಟ್ಸಿನ ಮಂದ್ರಸ್ವರವು ಅದಕ್ಕೆ ಸಮನೆನಿಸಲು ಸುಮಾರು 64 ಡೆಸಿಬೆಲ್ ಬೇಕು. ಒಟ್ಟಿನ ದನಿ ಏರಿದಂತೆಲ್ಲ ಈ ಅಂತರವು ಕುಗ್ಗುತ್ತದೆ. ಎಂದರೆ, ಮೆಲುದನಿಯಲ್ಲಿ ನಮ್ಮ ಕಿವಿಯು ಮಂದ್ರಕ್ಕೆ ಮಂದ. ದನಿಯೇರಿದರೆ ಅದು ತಾನಾಗಿಯೇ ಚುರುಕಾಗುತ್ತದೆ. ರಾತ್ರಿಯಲ್ಲಿ ಕೊರತೆಯೆಂದು ತುಂಬಿದ ಮಂದ್ರವನ್ನು ಸಭೆಯಲ್ಲಿ ಕಿವಿಯು ಮತ್ತೊಮ್ಮೆ ತುಂಬಿಕೊಂಡಿತು. ತೀರ ಮೇಲಣ ಸ್ವರಗಳ ಪಾಡೂ ಸ್ವಲ್ಪಮಟ್ಟಿಗೆ ಇದೇ.

ಇದರ ಮೇಲೆ ಸಹವಾಸದ ಪ್ರಶ್ನೆ. ಗಿಟಾರಿನ ಅತ್ಯಂತ ಕೆಳಗಿನ ತಂತಿಯು ಸುಮಾರು 82 ಹರ್ಟ್ಸಿನದು. ಬೇಸ್ ಗಿಟಾರಿನದು ಅದರ ಅರ್ಧ, 41. ಡ್ರಮ್ಮೂ ಅಲ್ಲಿಯೇ ಗುಡುಗುವುದು. ಆ ನೆಲವೆಲ್ಲ ಅವರ ಸ್ವತ್ತು. ಗಿಟಾರಿಗೆ ಉಳಿದ ಮನೆಯೆಂದರೆ ನಡುವಣ ಸ್ವರಭಾಗ. ಹುಡುಗಿಯು ತಗ್ಗಿಸಿದ್ದುದು ಅದನ್ನೇ!

ಡಿಸೆಂಬರಿನ ಒಂದು ಭಾನುವಾರ, ದೊಡ್ಡ ಸ್ಪೀಕರುಗಳಿದ್ದ ಅಭ್ಯಾಸದ ಕೊಠಡಿಯೊಂದನ್ನು ಬಾಡಿಗೆಗೆ ಹಿಡಿದೆವು. ಬೇಸ್ ಮತ್ತು ಡ್ರಮ್ಮಿನ ಗೆಳತಿಯರೂ ಬಂದರು. ರಾತ್ರಿಯ ನಾದವನ್ನು ಹಾಗೆಯೇ ಇಟ್ಟು, ಅದರ ನಕಲಿನ ಮೇಲೆ ಕೆಲಸ ನಡೆಯಿತು. ಎಲ್ಲರೂ ನುಡಿಸುತ್ತಿರುವಾಗಲೇ, ಸಭೆಯಲ್ಲಿರುವಷ್ಟೇ ದನಿಯಲ್ಲಿ, 100 ಹರ್ಟ್ಸಿನ ಕೆಳಗಿನದನ್ನೂ 6000ದ ಮೇಲಿನದನ್ನೂ ಕತ್ತರಿಸಿದಳು. ನಿಜವಾದ ಗಿಟಾರ್ ಸ್ಪೀಕರು 5000 ದಾಟಿದ ಮೇಲೆ ತಾನೇ ಬಹುಮಟ್ಟಿಗೆ ಸುಮ್ಮನಾಗುವುದರಿಂದ ಇದರಲ್ಲಿ ನಷ್ಟವೇನೂ ಇಲ್ಲ. ನಡುವಣ ಸ್ವರಗಳು ಏರಿದವು. ಸಭಾಂಗಣಕ್ಕೆ ತನ್ನದೇ ಮಾರ್ದನಿಯಿರುವುದರಿಂದ ಪೆಟ್ಟಿಗೆಯ ಮಾರ್ದನಿಯು ಅರ್ಧಕ್ಕಿಳಿಯಿತು. ತಿಳಿನಾದ, ಒರಟುನಾದಗಳ ಮಟ್ಟಗಳನ್ನೂ ಅಲ್ಲಿಯೇ ಸರಿದೂಗಿಸಿದಳು. ಹೆಡ್‌ಫೋನಿನಲ್ಲಿ ಸಮನೆನಿಸಿದ್ದವು ಅಲ್ಲಿ ಸಮನಾಗಿರಲಿಲ್ಲ. ಇನ್ನೊಂದು ಮಾತು. ಸಭೆಯ ಧ್ವನಿವರ್ಧಕಕ್ಕೆ ಜೋಡಿಸುವಾಗ ಪೆಟ್ಟಿಗೆಯೊಳಗಿನ ಅನುಕರಣದ ಸ್ಪೀಕರು ಇರಬೇಕು. ಗಿಟಾರಿನದೇ ಆಂಪ್ಲಿಫೈಯರಿಗೆ ಜೋಡಿಸುವಾಗ ಅದನ್ನು ಆರಿಸಬೇಕು. ಇಲ್ಲವಾದರೆ ಸ್ಪೀಕರಿನ ಮೇಲೆ ಸ್ಪೀಕರಾಗಿ, ಕಂಬಳಿ ಹೊದ್ದು ಮಾತಾಡಿದಂತಾಗುವುದು.

ಒಂದೇ ಒಂದು ಗಂಟೆ, ನಡುನಡುವೆ ವಿಶ್ರಾಂತಿ. ಇದು ನನ್ನ ಕಟ್ಟಳೆ. 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿಯು ಅರ್ಧವಾಗುವುದೆಂದೂ ಅಮೆರಿಕದ ಕಾರ್ಮಿಕಾರೋಗ್ಯ ಸಂಸ್ಥೆಯ ಸಲಹೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಉಳಿಯುವುದು ಕಾಲು ಗಂಟೆ. ಮಕ್ಕಳ ಕಿವಿಯನ್ನು ಬಲಿಗೊಟ್ಟು ಪಡೆಯುವ ನಾದವು ನನಗೆ ಬೇಡ.

ಆ ಹೊಸ ನಾದವನ್ನು ರಾತ್ರಿ ಹೆಡ್‌ಫೋನಿನಲ್ಲಿ ಕೇಳಿದಾಗ ಹುಡುಗಿಯ ಮುಖವು ಬಾಡಿತು. “ತಗಡು ಬಡಿದ ಹಾಗಿದೆಯಲ್ಲ, ದೊಡ್ಡಪ್ಪ!” ಹೌದು, ಹಾಗೆಯೇ ಇತ್ತು. ಅದಕ್ಕೂ ಉಪಾಯವುಂಟು. ಇಂತಹ ಅನೇಕ ಪೆಟ್ಟಿಗೆಗಳಲ್ಲಿ ಎಲ್ಲ ನಾದಗಳಿಗೂ ಕೊನೆಯಲ್ಲಿ ಅನ್ವಯಿಸುವ ಒಂದು ಪ್ರತ್ಯೇಕ ಈಕ್ವಲೈಸರಿದೆ. ರಾತ್ರಿಯ ಕಿವಿಗೆ ಬೇಕಾದ ಮಂದ್ರವನ್ನು ಅಲ್ಲಿ ಸೇರಿಸಿಕೊಂಡು, ವೇದಿಕೆ ಹತ್ತುವ ಮುನ್ನ ಅದನ್ನು ಆರಿಸಿದರಾಯಿತು. ಸಿದ್ಧಪಡಿಸಿದ ನಾದವನ್ನು ಮುಟ್ಟಬೇಕಾಗಿಲ್ಲ. ಸಾರಿನ ಕೊಳದಪ್ಪಲೆಗೆ ಕೈಹಾಕದೆ ಎಲೆಯ ತುದಿಯ ಉಪ್ಪನ್ನು ಬೆರೆಸಿಕೊಳ್ಳುವ ಕ್ರಮವಿದು.

ಗಿಟಾರನ್ನು ಮಾರುವ ಮಾತು ಈಗ ನಿಂತಿದೆ. ಆದರೆ ಸಭಾಂಗಣವು ಬದಲಾದರೆ ನಾದವೂ ಅಷ್ಟಿಷ್ಟು ಬದಲಾಗುವುದೆಂದು ಅವಳು ಕಂಡುಕೊಂಡಿರುವುದರಿಂದ, ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಆ ಕೊಠಡಿಯಲ್ಲಿ ಒಂದು ಗಂಟೆ ಬೇಕೇ ಬೇಕಂತೆ. ಅದರ ಬಾಡಿಗೆಯನ್ನು ದೊಡ್ಡಪ್ಪನೇ ಕೊಡತಕ್ಕದ್ದೆಂದು ಮನೆಯ ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ್ದಾರೆ.